ಸ್ವಲ್ಪ ಸರ್ಕೋ

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವನ ಹೆಬ್ಬೆರಳು ತನ್ನ ಬುದ್ಧಿ ತೋರಿಸಿತು. ಅಡುಗೆಮನೆಯ ಕಟ್ಟೆಯ ಮೇಲೆ ಹೆಂಡತಿ ಇಟ್ಟಿದ್ದ ಚಾಕು ಕಣ್ಣಿಗೆ ಬಿದ್ದದ್ದೇ ತಡ, ಅವನನ್ನು ಒಂದು ಮಾತೂ ಕೇಳದೆ ಹೋಗಿ, ಅಲಗಿನ ಮೇಲೆ ಅಡ್ಡಡ್ಡ ಸವರಿ, ಮೊಂಡಾಗಿದೆ ಎಂದು ತೀರ್ಮಾನ ಕೊಟ್ಟು, ಏನೂ ಆಗದ ಹಾಗೆ ವಾಪಸು ಬಂತು. ಅವನು ಅದನ್ನು ಜೇಬಿಗೆ ತುರುಕಿದ. ಎಷ್ಟೆಲ್ಲ ತಿದ್ದಿಕೊಂಡಿದ್ದ ಮನುಷ್ಯ. ಮಾತು ತಿದ್ದಿಕೊಂಡ, ನಡಿಗೆ ತಿದ್ದಿಕೊಂಡ, ನಗು ಬಂದಾಗ ಪಕ್ಕದವರ ಬೆನ್ನಿಗೆ ಗುದ್ದುವ ಚಾಳಿ ಬಿಟ್ಟ, ಬೀದಿಯಲ್ಲಿ ಯಾರಾದರೂ ಹಳೆಯ ಅಡ್ಡಹೆಸರು ಹಿಡಿದು ಕೂಗಿದರೆ ತಿರುಗಿ ನೋಡದೆ ಹೋಗುವುದನ್ನು ಕಲಿತ. ಹೆಬ್ಬೆರಳೊಂದು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಕಚೇರಿಯಲ್ಲಿ ಯಾರೋ ನಿವೃತ್ತರಾದ ದಿನ ಕೇಕಿನ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಚಾಕುವಿನ ಮೇಲೂ ಅದು ಹೀಗೆಯೇ ಓಡಾಡಿತ್ತು. ಗುಮಾಸ್ತೆ ನೋಡಿ, "ಏನ್ರೀ, ಸಾಣೆಯವ್ರ ಥರ ನೋಡ್ತೀರಲ್ಲ" ಅಂದಿದ್ದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಸಾಣೆಯವರೆಂದರೆ ಊರಾಚೆ ಇರುವ ಜನ, ಕಲ್ಲಿನ ಚಕ್ರವನ್ನು ಹೆಗಲ ಮೇಲೆ ಹೊತ್ತು ಬೀದಿ ಬೀದಿ ತಿರುಗಿ ಕತ್ತಿ, ಕತ್ತರಿಗಳನ್ನು ಹರಿತ ಮಾಡಿಕೊಡುವವರು. ಅವರನ್ನು ಯಾರೂ ಒಳಗೆ ಕರೆಯುವುದಿಲ್ಲ. ಕತ್ತರಿಯನ್ನು ಕಿಟಕಿಯಿಂದ ಕೊಟ್ಟು ಕಿಟಕಿಯಿಂದಲೇ ಇಸಿದುಕೊಳ್ಳುತ್ತಾರೆ. ಆ ಕಿಟಕಿಯ ಹೊರಗೆ ನಿಂತು ಬೆಳೆದವನು ಅವನು, ಈಗ ಒಳಗೆ ಕುರ್ಚಿ ಹಾಕಿಕೊಂಡು ಕೂತು ನಕ್ಕಿದ್ದ. ಕೇಕು ಗಂಟಲಿನಲ್ಲಿ ಸಿಕ್ಕಿಹಾಕಿಕೊಂಡು ನೀರು ಕುಡಿಯಬೇಕಾಯಿತು.

"ಈವತ್ತು ಅಲ್ಲಿಗೇ ತಾನೆ ಅಳತೆಗೆ ಹೋಗೋದು?" ಎಂದು ಹೆಂಡತಿ ಕೇಳಿದಳು. ಅವಳಿಗೆ ಎಲ್ಲವೂ ಗೊತ್ತು, ಮದುವೆಗೆ ಮೊದಲೇ ಗೊತ್ತಿತ್ತು. ಗುಟ್ಟು ಅವನಿಗೆ ಬೇಕಾಗಿತ್ತೇ ಹೊರತು ಅವಳಿಗಲ್ಲ. "ಹೂಂ" ಅಂದ. "ಅತ್ತೆಗೆ ನಾನು ಕೇಳಿದೆ ಅಂತ ಹೇಳಿ." "ಅಮ್ಮ ಸತ್ತು ಎಷ್ಟು ವರ್ಷ ಆಯ್ತು, ಅವಳಿಗೇನು ಹೇಳೋದು?" "ನಿಮ್ಮೋರು ಸತ್ತೋರಿಗೆ ಹೇಳ್ತಾರಲ್ಲ, ಸ್ವಲ್ಪ ಸರ್ಕೋ ಅಂತ. ಆಗ ಜೊತೇಲಿ ಇದನ್ನೂ ಸೇರ್ಸಿ." ಅವಳು ಚಾಕುವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಮೊಂಡಾಗಿದೆ ಅಂತ ನಿಮ್ಮ ಮುಖಾನೇ ಹೇಳ್ತಿದೆ. ಎಲ್ಲಾದ್ರೂ ಸಾಣೆಯವ್ರು ಸಿಕ್ಕಿದ್ರೆ ಕಳಿಸಿ." ಕೆಣಕಿದಳೋ, ಬೇಜಾರಾಗಿ ಅಂದಳೋ ಅವನಿಗೆ ಗೊತ್ತಾಗಲಿಲ್ಲ. ಬೂಟಿನ ಲೇಸು ಕಟ್ಟುತ್ತಾ, ಅಲ್ಲಿ ಬೂಟು ಹಾಕಿಕೊಂಡೇ ಕಾಲಿಡಬೇಕಾಗುತ್ತದಲ್ಲ ಎಂದು ನೆನಪಾಗಿ, ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ.

ಜೀಪಿನಲ್ಲಿ ಮುಂದೆ ಇಂಜಿನಿಯರ್ ಸಾಹೇಬರು ಕೂತಿದ್ದರು, ಹಿಂದೆ ಪರಂಪರೆ ಇಲಾಖೆಯಿಂದ ಬಂದಿದ್ದ ಹೆಂಗಸು. ಅವಳ ಕಾಲಿನ ಹತ್ತಿರ ಮೊಳೆಗಳ ಹಾಗೆ ಚೂಪು ಮಾಡಿದ ಗೂಟಗಳು, ಒಂದು ಚೀಲ ಸುಣ್ಣದ ಪುಡಿ, ಟೇಪು, ಸುತ್ತಿಗೆ. ಇವುಗಳ ನಡುವೆ ಹೇಗೋ ಮಡಚಿಕೊಂಡು ಅವನು. ಕೆಲಸ ಸುಲಭದ್ದೆಂದು ಸಾಹೇಬರು ಮತ್ತೊಮ್ಮೆ ಹೇಳಿದರು. ಸಾಣೆಯವರು ಹೂಳುವ ಜಾಗ ಲಾರಿ ನಿಲ್ದಾಣಕ್ಕೆ ಬೇಕಾಗಿದೆ. ಅವರು ತಮ್ಮ ಹಿರಿಯರು ಅಲ್ಲಿದ್ದಾರೆಂದು ತಕರಾರು ತೆಗೆದಿದ್ದಾರೆ. ಗೋರಿ ಕಂಡಷ್ಟು ಜಾಗಕ್ಕೆ ಬೇಲಿ ಹಾಕಿ ಉಳಿಸುವುದು, ಉಳಿದದ್ದು ಲಾರಿಗಳಿಗೆ. "ಮೊದ್ಲು ಒಂದು ಗೋರೀನೂ ಇರ್ಲಿಲ್ಲ ಅಂತ ವರದಿ ಇತ್ತು. ಈಗ ನೋಡಿದ್ರೆ ಸಾಲಾಗಿ ಇವೆಯಂತೆ" ಎಂದು ಸಾಹೇಬರು ಎಡಗೈ ತೋರುಬೆರಳನ್ನು ಬಲಗೈಯಿಂದ ಉಜ್ಜಿಕೊಂಡರು. ಆ ಬೆರಳಿನ ಮೇಲೆ ಗೆಣ್ಣಿನಿಂದ ಗೆಣ್ಣಿಗೆ ಒಂದು ಬಿಳಿ ಗೆರೆ ಇತ್ತು. ಯೋಚನೆ ಬಂದಾಗಲೆಲ್ಲ ಅದನ್ನು ಉಜ್ಜಿಕೊಳ್ಳುವುದು ಅವರ ಅಭ್ಯಾಸ. ಅವರು ಉಜ್ಜಿದಾಗಲೆಲ್ಲ ಇವನಿಗೆ ಕುತ್ತಿಗೆಯ ಹಿಂದೆ ಬೆವರುವುದೂ ಅಭ್ಯಾಸವಾಗಿತ್ತು. ಆ ಗೆರೆ ಎಳೆದವಳು ಅವನ ಅಮ್ಮ.

ಅವತ್ತು ಅಮ್ಮ ಅವನ ಮನೆಗೆ ಬಂದಿದ್ದಳು. ಬಾಗಿಲ ಹೊಸಿಲ ಮೇಲೆ ಕೂತು, ಸೊಸೆಯ ಚಾಕುಗಳನ್ನೆಲ್ಲ ಮುಂದೆ ಹರಡಿಕೊಂಡು, ಸೆರಗಿನಲ್ಲಿ ಕಟ್ಟಿ ತಂದಿದ್ದ ಸಾಣೆಕಲ್ಲಿನ ಚೂರಿಗೆ ನೀರು ಚಿಮುಕಿಸಿ ಮಸೆಯುತ್ತಿದ್ದಳು. ಗೇಟಿನಲ್ಲಿ ಸಾಹೇಬರ ಹೆಂಡತಿ. ಹೊಸ ಮನೆ ಮಾಡಿದ್ದೀರಂತಲ್ಲ, ನೋಡಿಕೊಂಡು ಹೋಗೋಣ ಅಂತ ಬಂದೆ ಎಂದು ಒಳಗೆ ಬಂದವರು ಹೊಸಿಲ ಮೇಲೆ ಕೂತವಳನ್ನು ದಾಟುವುದು ಹೇಗೆಂದು ನಿಂತು, "ಕೆಲಸದವಳಾ?" ಎಂದು ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವನು "ಹೂಂ ಮೇಡಂ" ಅಂದುಬಿಟ್ಟಿದ್ದ. ಅಷ್ಟು ಚುರುಕಾಗಿ ಅವನು ಜೀವನದಲ್ಲಿ ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ. ಅಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಅಮ್ಮನ ಕಣ್ಣಲ್ಲಿ ತುಂಟತನ ಮಿಂಚಿತು. "ಹೂಂ ತಾಯಿ, ಕೆಲಸದವಳೇ. ಆದ್ರೆ ಈ ಮನೆ ಯಜಮಾನ್ರು ಸರಿ ಇಲ್ಲ. ಬಿಡೋಣ ಅಂತಿದೀನಿ. ನಿಮ್ಮನೇಲಿ ಕೆಲಸ ಇದ್ರೆ ಹೇಳಿ." ಮಾರನೆಯ ದಿನ ಬೆಳಿಗ್ಗೆ ನಿಜವಾಗಿಯೂ ಹೋದಳು. ವಾರವಿಡೀ ಸಾಹೇಬರ ಮನೆಯಲ್ಲಿ ಪಾತ್ರೆ ತೊಳೆದಳು, ನೆಲ ಒರೆಸಿದಳು. ಕಚೇರಿಯಲ್ಲಿ ಸಾಹೇಬರು ಅವನ ಭುಜ ತಟ್ಟಿ, "ಅಂಥಾ ಕೆಲಸದವಳನ್ನ ಹೇಗ್ರೀ ಬಿಟ್ಕೊಟ್ರಿ?" ಅಂದರು. ಅವನು ಹಲ್ಲು ಗಿಂಜಿದ. ವಾರ ಕಳೆಯುವ ಹೊತ್ತಿಗೆ ಅಮ್ಮ ಆ ಮನೆಯಲ್ಲಿ ಅಲಗು ಅನ್ನುವುದು ಯಾವುದಕ್ಕಿದೆಯೋ ಅದನ್ನೆಲ್ಲ, ಚಾಕು, ಕತ್ತರಿ, ಸಾಹೇಬರ ಕಾಗದ ಕತ್ತರಿಸುವ ಅಲಗು, ಬೆಣ್ಣೆ ಸವರುವ ಮೊಂಡು ಚಾಕುವನ್ನೂ ಬಿಡದೆ, ಕೂದಲು ಸೀಳುವ ಹಾಗೆ ಮಸೆದಿಟ್ಟು, ಯಾರಿಗೂ ಹೇಳದೆ ವಾಪಸು ಬಂದುಬಿಟ್ಟಳು. ಆ ಮನೆಯವರಿಗೆ ಅಲ್ಲಿಯವರೆಗೆ ಚಾಕು ಹರಿತವಾಗಿರುತ್ತದೆಂಬುದೇ ಗೊತ್ತಿರಲಿಲ್ಲ. ಮೊದಲು ಸಾಹೇಬರ ಹೆಂಡತಿ ಕೊಯ್ದುಕೊಂಡರು, ಆಮೇಲೆ ಅವರ ತಂಗಿ, ಕೊನೆಗೆ ರೊಟ್ಟಿಗೆ ಬೆಣ್ಣೆ ಸವರಲು ಹೋಗಿ ಸಾಹೇಬರು. ಬೆಣ್ಣೆ ಚಾಕುವಿನಿಂದ ಹೊಲಿಗೆ ಹಾಕಿಸಿಕೊಂಡ ಮನುಷ್ಯ ಊರಲ್ಲಿ ಅವರೊಬ್ಬರೇ.

"ಬಂತು, ನಿಲ್ಸಪ್ಪ" ಎಂದು ಸಾಹೇಬರು ಚಾಲಕನಿಗೆ ಹೇಳಿದರು.

ರಸ್ತೆಯ ಪಕ್ಕದಲ್ಲೇ ಸಾಣೆಯವರು ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ಕೋಲು ಊರಿಕೊಂಡು ಅವನ ಸೋದರತ್ತೆ. ಕತ್ತರಿ ಸಾಣೆಯಲ್ಲಿ ಅವಳನ್ನು ಮೀರಿಸುವವರಿಲ್ಲ, ಮಾತಿನಲ್ಲೂ ಇಲ್ಲ, ಹಾಗಾಗಿ ಕತ್ತರಿಯತ್ತೆ ಎಂದೇ ಹೆಸರು. ಅವಳ ಪಕ್ಕ ಚಿಕ್ಕಜ್ಜ, ಅಮ್ಮನ ಚಿಕ್ಕಪ್ಪ, ಮುದುಕನಾಗಿ ಮೂಳೆ ಮೂಳೆಯಾಗಿದ್ದರೂ ಅಡ್ಡ ಮಾತಾಡುವುದರಲ್ಲಿ ಗಟ್ಟಿ. ಅವನು ಜೀಪಿನಿಂದ ಇಳಿದು ಅತ್ತೆಯ ಬಾಯಿಯನ್ನೇ ನೋಡಿದ. ಒಂದು ಮಾತು, ಬಾ ಮಗ ಎಂಬ ಒಂದು ಮಾತು ಸಾಕಾಗಿತ್ತು. ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬನ್ನಿ ಸಾಹೇಬ್ರೆ. ಈ ಕಡೆಗೆ ಹೊಸಬ್ರು ಅನ್ಸುತ್ತೆ. ಬಿಸಿಲು ಜಾಸ್ತಿ, ನೀರು ಕುಡೀತೀರಾ? ನಮ್ಮ ಕೈಯಿಂದ ಕುಡಿಯಲ್ಲ ಅಂದ್ರೆ ಬಲವಂತ ಇಲ್ಲ." ಹಿಂದೆ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಚಿಕ್ಕಜ್ಜ ಕೆಮ್ಮಿದ, ಅದು ಕೆಮ್ಮಲ್ಲ. ಇಡೀ ಜನ ಸೇರಿಕೊಂಡು ಅವನ ಗುಟ್ಟನ್ನು ಕಾಪಾಡುತ್ತಿದ್ದರು, ಕಾಪಾಡುತ್ತಾ ಖುಷಿಪಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಮೇಲೆ ಅವನು ಕಲ್ಲುಗಳನ್ನು ನೋಡಿದ. ರಸ್ತೆಗೆ ಅಂಟಿಕೊಂಡ ಉದ್ದನೆಯ ಪಟ್ಟಿಯಲ್ಲಿ, ಹಿಂದಿನ ಕಾಲದಲ್ಲಿ ಸಾಣೆಯವರ ಗಾಡಿಗಳು ನಿಲ್ಲುತ್ತಿದ್ದ ಜಾಗದಲ್ಲಿ, ಸಾಲಾಗಿ ಕಲ್ಲು ನೆಟ್ಟಿದ್ದರು. ಒಂದು ಬಟ್ಟೆ ಒಗೆಯುವ ಕಲ್ಲು, ಎರಡು ಹಳೇ ಮೆಟ್ಟಿಲು, ಒಂದು ತಲೆಕೆಳಗಾದ ಮೈಲಿಗಲ್ಲು, ಸವೆದು ತೂತಾದ ಸಾಣೆಚಕ್ರಗಳು. ಎಲ್ಲಕ್ಕೂ ಹೊಸದಾಗಿ ಸುಣ್ಣ ಬಳಿದು ನೀಟು ಮಾಡಿದ್ದರು. ಪರಂಪರೆಯ ಹೆಂಗಸು ಒಂದೊಂದರ ಮುಂದೆಯೂ ಮಂಡಿಯೂರಿ ಕೂತು ಫೋಟೋ ತೆಗೆಯುತ್ತಿದ್ದಳು. ಸಾಹೇಬರು ಅವಳ ಹಿಂದೆ ಕೈಕಟ್ಟಿ ನಿಂತಿದ್ದರು. ಅವನು ಟೇಪಿನ ತುದಿ ಹಿಡಿಸುವ ನೆಪದಲ್ಲಿ ಅತ್ತೆಯ ಹತ್ತಿರ ಹೋದ.

"ಏನತ್ತೆ ಇದೆಲ್ಲ?"

"ನಿಮ್ಮ ಕಚೇರಿಯೋರು ಗೋರಿ ತೋರ್ಸಿ ಅಂದ್ರು. ತೋರಿಸ್ದೆ."

"ಅಲ್ಲಿ ಯಾರಿದಾರೆ?"

"ಅಲ್ಲಿ ಯಾರೂ ಇಲ್ಲ. ಅದಕ್ಕೇ ಅಲ್ಲಿ ನೆಟ್ಟಿದ್ದು. ಇರೋರ ಎದೆ ಮೇಲೆ ಕಲ್ಲು ಹೇರಕ್ಕಾಗತ್ತಾ?"

ಅವನಿಗೆ ನಗು ಬಂತು, ನಗು ಅರ್ಧಕ್ಕೇ ನಿಂತಿತು. ಸಾಣೆಯವರು ಸತ್ತವರ ಮೇಲೆ ಕಲ್ಲಿಡುವುದಿಲ್ಲ. ಬದುಕಿರುವಷ್ಟು ದಿನ ಕಲ್ಲು ಹೊತ್ತಿದ್ದು, ಕಲ್ಲು ತಿರುಗಿಸಿದ್ದು ಸಾಕು, ಇನ್ನಾದರೂ ಅದರ ಕಾಟ ಬೇಡ ಎಂದು ಬರೀ ಮಣ್ಣು ಮುಚ್ಚಿ, ಕಾಲಿನಿಂದ ಸಮ ಮಾಡಿ, ಹುಲ್ಲು ಬರಲು ಬಿಡುತ್ತಾರೆ. ಗುರುತು ಬಾಯಲ್ಲಿ. ಅಮ್ಮ ಅವನ ಕೈ ಹಿಡಿದು ಈ ಹುಲ್ಲಿನಲ್ಲಿ ಬರಿಗಾಲಲ್ಲಿ ನಡೆಸುತ್ತಿದ್ದಳು. ಪ್ರತಿ ಹೆಜ್ಜೆಗೂ ಮೊದಲು ಬಗ್ಗಿ, ಸ್ವಲ್ಪ ಸರ್ಕೋ, ನಾನು ಬಂದೆ ಅನ್ನಬೇಕು. ಆಮೇಲೆ ಅಲ್ಲಿರುವವರು ಮಾಡಿದ ಒಂದು ತಪ್ಪು ಹೇಳಬೇಕು. ಇಲ್ಲಿ ಒಂದೇ ಮೇಕೆಯನ್ನು ಒಬ್ಬನಿಗೇ ಎರಡು ಸಲ ಮಾರಿದವನು. ಇಲ್ಲಿ ಅತ್ತೆಯ ಬೈಗುಳ ತಪ್ಪಿಸಿಕೊಳ್ಳಲು ಅತ್ತೆ ಸಾಯುವವರೆಗೂ ಕಿವುಡಿಯ ಹಾಗೆ ನಟಿಸಿದವಳು. ಇಲ್ಲಿ ಮದುವೆ ದಿನ ಹೆದರಿ ಮರ ಹತ್ತಿ ಕೂತವನು. ತಪ್ಪೇ ಯಾಕೆ ಹೇಳಬೇಕು ಎಂದು ಕೇಳಿದ್ದಕ್ಕೆ ಅಮ್ಮ, "ಒಳ್ಳೇದು ಹೇಳಿದ್ರೆ ಎಲ್ಲಾರೂ ಒಂದೇ ಥರ ಕಾಣ್ತಾರೆ ಕಣೋ. ಯಾರು ಎಲ್ಲಿದಾರೆ ಅಂತ ಹೇಗೆ ಗೊತ್ತಾಗ್ಬೇಕು?" ಅಂದಿದ್ದಳು. ಒಬ್ಬನಿದ್ದನಂತೆ, ಯಾರಿಗೂ ಕೆಡುಕು ಮಾಡದವನು, ಒಂದು ಸುಳ್ಳು ಹೇಳದವನು. ಅವನನ್ನು ಎಲ್ಲಿ ಹೂಳಿದರೆಂದು ಯಾರಿಗೂ ನೆನಪಿಲ್ಲ. ಪಾಪ, ಇಲ್ಲೇ ಎಲ್ಲೋ ಇದಾನೆ ಎಂದು ಅಮ್ಮ ಸುತ್ತ ಕೈ ತೋರಿಸಿದ್ದಳು. ಕಚೇರಿಯಲ್ಲಿ ಒಂದೂ ಕಪ್ಪುಚುಕ್ಕೆಯಿಲ್ಲದ ಅವನು ಎಷ್ಟೋ ಸಲ ಆ ಒಳ್ಳೆಯ ಮನುಷ್ಯನನ್ನು ನೆನೆದು ಬೆಚ್ಚಿಬಿದ್ದಿದ್ದಾನೆ.

"ಅತ್ತೆ, ಇಲ್ಲಿ ಕೇಳು. ಕಲ್ಲು ಎಲ್ಲಿದೆಯೋ ಅಲ್ಲಿಗೇ ಬೇಲಿ ಹಾಕ್ತಾರೆ. ಹಿಂದಿರೋದೆಲ್ಲ ಖಾಲಿ ಅಂತ ಲಾರಿಗೆ ಕೊಡ್ತಾರೆ."

ಅತ್ತೆಯ ಮುಖದಲ್ಲಿದ್ದ ತಮಾಷೆ ಇಳಿದುಹೋಯಿತು. ಕೋಲು ಊರಿಕೊಂಡು ನೇರ ಸಾಹೇಬರ ಹತ್ತಿರ ಹೋದಳು. ನಮ್ಮೋರು ಇಲ್ಲಿಲ್ಲ ಸ್ವಾಮಿ, ಆ ಕಡೆ ಹುಲ್ಲಲ್ಲಿದಾರೆ ಎಂದು ಹೇಳಿದಳು. ಸಾಹೇಬರು ಬೇಜಾರು ಮಾಡಿಕೊಳ್ಳದೆ ನಕ್ಕರು. "ಅಮ್ಮಾ, ಮೊದಲು ಗೋರಿ ಇಲ್ಲ ಅಂದ್ರಿ. ಆಮೇಲೆ ಇಲ್ಲಿದೆ ಅಂದ್ರಿ. ಈಗ ಅಲ್ಲಿದೆ ಅಂತೀರಿ. ನಾಳೆ ನಮ್ಮ ಕಚೇರಿ ಕೆಳಗೂ ನಿಮ್ಮೋರೇ ಇದಾರೆ ಅಂದ್ರೆ ನಾವು ಎಲ್ಲಿ ಕೂತ್ಕೊಳ್ಳೋದು?" ಪರಂಪರೆಯ ಹೆಂಗಸು ಅತ್ತೆಯ ಕೈ ಹಿಡಿದು, "ಹೆದರಬೇಡಿ ಅಜ್ಜಿ, ಈ ಕಲ್ಲುಗಳನ್ನ ಯಾರೂ ಮುಟ್ಟದ ಹಾಗೆ ನಾನು ನೋಡ್ಕೋತೀನಿ" ಎಂದಳು. ಒಳ್ಳೆಯ ಮನಸ್ಸಿನವಳು, ಅವಳ ಕಣ್ಣಲ್ಲಿ ನೀರಿತ್ತು. ಅತ್ತೆ ವಾಪಸು ಬಂದು ಅವನ ಪಕ್ಕ ನಿಂತಳು.

"ನಾನು ಹೇಳಿದ್ರೆ ನಂಬಲ್ಲ. ನೀನು ಹೇಳು."

"ನಾನು ಹೇಗೆ ಹೇಳ್ಲಿ ಅತ್ತೆ?"

"ಅದೂ ಸರಿ" ಎಂದಳು. "ನೀನು ಹೊಸಬ."

ಟೇಪು ಎಳೆದ, ಕಣ್ಣು ಕಿರಿದು ಮಾಡಿ ನೇರ ನೋಡಿದ. ಕಲ್ಲಿನ ಪಟ್ಟಿ ಮುಗಿದು ಹುಲ್ಲು ಶುರುವಾಗುವಲ್ಲಿ ಬೇಲಿಯ ಗೆರೆ ಬರಬೇಕು, ಅಲ್ಲಿ ಮೊದಲ ಗೂಟ. ಅವನಿಗೆ ಆ ಜಾಗ ಗೊತ್ತು, ಅಳತೆ ಮಾಡದೆಯೂ ಗೊತ್ತು. ಅಮ್ಮನನ್ನು ಅಲ್ಲಿ ಹೂಳುವ ದಿನ ಅವನು ರಸ್ತೆಯ ಆಚೆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದ. ಹೆಲ್ಮೆಟ್ ತೆಗೆಯದೆ, ಸ್ಕೂಟರ್ ಕೆಟ್ಟವನ ಹಾಗೆ ಬಗ್ಗಿ ಕೂತು ಪ್ಲಗ್ಗು ಬಿಚ್ಚುತ್ತಿದ್ದ, ಹಾಕುತ್ತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮ ಸಹಾಯಕ್ಕೆ ಬಂದು ಕೂತುಬಿಟ್ಟ. ಪ್ಲಗ್ಗು ನೋಡಿದ, ಪೆಟ್ರೋಲ್ ನೋಡಿದ, ಒದ್ದ, ಗಾಡಿ ಒಂದೇ ಏಟಿಗೆ ಶುರುವಾಯಿತು. "ಏನೂ ಆಗಿಲ್ವಲ್ರೀ, ಹೋಗಿ" ಎಂದ. ಹೋಗದೆ ಬೇರೆ ದಾರಿ ಇರಲಿಲ್ಲ. ಆದರೆ ಅಷ್ಟರಲ್ಲಿ ಆಚೆಯಿಂದ ಅತ್ತೆಯ ದನಿ ಕೇಳಿತ್ತು. ಹೂಳುವ ದಿನ ಮೊದಲ ಸಲ ತಪ್ಪು ಹೇಳುವುದು ಮನೆತನದ ಹಿರಿಯ ಹೆಂಗಸಿನ ಹಕ್ಕು. ಅತ್ತೆ ಅದನ್ನು ರಸ್ತೆಯವರೆಗೂ ಕೇಳುವ ಹಾಗೆ ಕೂಗಿ ಹೇಳಿದ್ದಳು. "ಇಲ್ಲಿ ಮಗನ ಮನೇಲಿ ಕೆಲಸದವಳಾದೋಳು, ಸಾಹೇಬ್ರ ಬೆಣ್ಣೆ ಚಾಕೂಗೂ ಸಾಣೆ ಹಿಡಿದೋಳು." ಜನ ಬಿದ್ದು ಬಿದ್ದು ನಕ್ಕಿದ್ದರು. ಸ್ಕೂಟರ್ ಮೇಲೆ, ಹೆಲ್ಮೆಟ್ಟಿನೊಳಗೆ, ಅವನೂ ನಕ್ಕಿದ್ದ. ಮುಂದಿನ ತಿರುವು ದಾಟುವ ತನಕ ಅವನಿಗೆ ತಾನು ಅಳುತ್ತಿದ್ದೇನೆಂದು ಗೊತ್ತಿರಲಿಲ್ಲ.

"ಹೊಡೀರಿ ಗೂಟ" ಎಂದು ಸಾಹೇಬರು ಹೇಳಿದರು.

ಅವನು ಗೂಟದ ಚೂಪು ತುದಿಯನ್ನು ಹುಲ್ಲಿನ ಮೇಲೆ ಇಟ್ಟ. ಇದು ಎದೆಯೋ ಭುಜವೋ ಎಂದು ಯೋಚನೆ ಬಂತು, ಬರಬಾರದಿತ್ತು. ಬೂಟಿನೊಳಗೆ ಕಾಲ್ಬೆರಳುಗಳು ಮುದುರಿಕೊಂಡವು. ಸುತ್ತಿಗೆ ಎತ್ತಿದ. ಜೀಪು, ಸಂಬಳ, ಕುರ್ಚಿ, ಗುಮಾಸ್ತೆಯ ನಗು, ಕೇಕು ಎಲ್ಲವೂ ಆ ಎತ್ತಿದ ಕೈಯಲ್ಲಿ ತೂಗುತ್ತಿದ್ದವು, ಒಂದು ಏಟು ಹೊಡೆದರೆ ಎಲ್ಲವೂ ಇದ್ದಲ್ಲೇ ಇರುತ್ತವೆ. ಹೊಡೆಯಬೇಕೆಂದೇ ಅವನು ಕೈ ಇಳಿಸಿದ್ದು. ಆದರೆ ಕೈಗಿಂತ ಬಾಯಿ ಮುಂದೆ ಹೋಯಿತು.

"ಸ್ವಲ್ಪ ಸರ್ಕೋ, ನಾನು ಬಂದೆ."

ಸುತ್ತಿಗೆ ಗಾಳಿಯಲ್ಲೇ ನಿಂತಿತು. "ಯಾರಿಗ್ರೀ ಹೇಳ್ತಿದೀರಿ?" ಎಂದು ಸಾಹೇಬರು ಕೇಳಿದರು. ಅವನು ಉತ್ತರ ಹುಡುಕುವ ಮೊದಲೇ ಕತ್ತರಿಯತ್ತೆ ಮುಂದೆ ಬಂದಳು. ಅವಳ ಮುಖದಲ್ಲಿ ಮತ್ತೆ ಆ ಹಳೆಯ ಕಳ್ಳನಗೆ. "ಗೂಟಕ್ಕೆ ಹೇಳಿದ್ದು ಸ್ವಾಮಿ. ಕೆಲಸ ಮಾಡೋರು ಗೂಟದ ಜೊತೆ, ಸುತ್ತಿಗೆ ಜೊತೆ ಮಾತಾಡ್ತಾರೆ. ನಾವೂ ಚಕ್ರದ ಜೊತೆ ಮಾತಾಡ್ತೀವಿ." ಎಷ್ಟು ಸಲೀಸಾಗಿ ಸುಳ್ಳು ಹೇಳಿದಳು ಮುದುಕಿ. ತನ್ನವರೆಲ್ಲ ಲಾರಿಗಳ ಚಕ್ರದಡಿ ಹೋಗುವ ಹೊತ್ತಿನಲ್ಲೂ ಅವನನ್ನು ಬಚಾವು ಮಾಡಲು ನಿಂತಿದ್ದಳು. ಸಾಹೇಬರು ನಂಬಿದರು ಕೂಡ, ನಂಬಿ ಕೈಗಡಿಯಾರ ನೋಡಿಕೊಂಡರು. ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ಅತ್ತೆಯ ಸುಳ್ಳಿನ ನೆರಳಲ್ಲಿ ಇನ್ನಷ್ಟು ವರ್ಷ ಕುರ್ಚಿ ಹಾಕಿಕೊಂಡು ಕೂರಬಹುದಿತ್ತು. ನಾಚಿಕೆಯಿಂದ ಅವನ ಕಿವಿ ಕಾದವು.

"ಗೂಟಕ್ಕಲ್ಲ ಸಾರ್" ಎಂದ. "ನಮ್ಮಮ್ಮನಿಗೆ ಹೇಳಿದ್ದು. ಇಲ್ಲಿದಾಳೆ."

ಸಾಹೇಬರು ಅವನನ್ನು ನೋಡಿದರು, ಗೂಟವನ್ನು ನೋಡಿದರು. "ಬಿಸಿಲಿಗೆ ತಲೆ ಕೆಟ್ಟಿದೆಯೇನ್ರೀ? ಇಲ್ಲಿ ನಿಮ್ಮ ತಾಯಿ ಯಾಕಿರ್ತಾರೆ? ಏನು ಗುರುತು?"

ಗುರುತು ಹೇಳುವ ರೀತಿ ಒಂದೇ. ಅವನು ಸುತ್ತಿಗೆ ಕೆಳಗಿಟ್ಟ. ಬೂಟು ಬಿಚ್ಚಿದ, ಒಂದು ಲೇಸು ಗಂಟು ಬಿದ್ದು ಸತಾಯಿಸಿತು, ಎಲ್ಲರೂ ಕಾದರು. ಬರಿಗಾಲಲ್ಲಿ ನಿಂತು, ಕಚೇರಿಯಲ್ಲಿ ಓದುವ ದನಿಯಲ್ಲಲ್ಲ, ಅತ್ತೆಯ ದನಿಯಲ್ಲಿ ಹೇಳಿದ. "ಇಲ್ಲಿ ಮಗನ ಮನೇಲಿ ಕೆಲಸದವಳಾದೋಳು. ಸಾಹೇಬ್ರ ಬೆಣ್ಣೆ ಚಾಕೂಗೂ ಸಾಣೆ ಹಿಡಿದೋಳು."

ಸಾಹೇಬರ ಬಲಗೈ ತಾನಾಗಿ ಎಡಗೈಯ ತೋರುಬೆರಳಿಗೆ ಹೋಯಿತು. ಬಿಳಿ ಗೆರೆಯನ್ನು ಉಜ್ಜಿಕೊಂಡರು. "ಆಯಮ್ಮ ನಿಮ್ಮ ತಾಯಿನಾ? ನಿಮ್ಮನೆ ಕೆಲಸದವಳು ಅಂದಿದ್ರಲ್ರೀ."

"ಅಂದಿದ್ದೆ ಸಾರ್."

"ಹಾಗಾದ್ರೆ ನೀವು ಸಾಣೆಯವ್ರಾ?"

"ಹೌದು ಸಾರ್."

ರಸ್ತೆಯಲ್ಲಿ ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಸಾಹೇಬರು ಬೆರಳನ್ನು ಕಣ್ಣ ಹತ್ತಿರ ತಂದು ನೋಡಿಕೊಂಡರು. "ಬೆಣ್ಣೆ ಚಾಕು ಕೊಯ್ತು ಅಂದ್ರೆ ನನ್ನ ಹೆಂಡ್ತಿ ಈವತ್ತಿಗೂ ನಂಬಲ್ಲ. ಕುಡಿದು ಬಾಟ್ಲಿ ಒಡೆದೆ ಅಂತಾಳೆ. ಎಷ್ಟು ವರ್ಷದ ಜಗಳ ಇದು" ಎಂದರು. ಕೋಪವೋ ಸಮಾಧಾನವೋ ಹೇಳಲು ಬರದ ದನಿ. ಮೊದಲು ನಕ್ಕವಳು ಪರಂಪರೆಯ ಹೆಂಗಸು, ನಕ್ಕು ತಾನೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಸಾಹೇಬರಿಗೆ ಏನೋ ಹೊಳೆದು ತಮ್ಮ ಕಾಲಿನ ಕಡೆ ನೋಡಿಕೊಂಡರು.

"ಈಗ ನಾನೆಲ್ಲಿ ನಿಂತಿದೀನಿ?"

"ಅವಳ ಕಾಲ ಹತ್ರ" ಎಂದಳು ಅತ್ತೆ.

ಸಾಹೇಬರು ಪಕ್ಕಕ್ಕೆ ಸರಿದರು. "ಅಲ್ಲೂ ಇದಾರೆ" ಎಂದ ಚಿಕ್ಕಜ್ಜ. "ಅಲ್ಲಿ ಮರ ಹತ್ತಿ ಕೂತೋನು." "ಅಲ್ಲಿ ಮರ ಹತ್ತಿದೋನಲ್ಲ, ಮೇಕೆ ಮಾರಿದೋನು" ಎಂದು ಅತ್ತೆ ತಿರುಗಿಬಿದ್ದಳು. "ಮೇಕೆಯೋನು ನನ್ನ ಸೋದರಮಾವ, ನನಗೆ ಗೊತ್ತಿಲ್ವಾ?" "ಸೋದರಮಾವನ ತಲೆ ಯಾವ ಕಡೆ ಅಂತಾನೇ ನಿನಗೆ ಗೊತ್ತಿಲ್ಲ." ಹಿಂದಿನಿಂದ ಇನ್ನೊಬ್ಬಳು ಇಬ್ಬರೂ ತಪ್ಪು ಎಂದಳು. ಸಾಹೇಬರು ಇಬ್ಬರ ನಡುವೆ ಒಂದು ಕಾಲೆತ್ತಿಕೊಂಡು ನಿಂತುಬಿಟ್ಟರು. ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅತ್ತ ಒಂದು, ಇತ್ತ ಒಂದು ಹೆಜ್ಜೆ ಹಾ‌ಕಿದರು, ಹಾಕಿದಲ್ಲೆಲ್ಲ ಯಾರೋ ಒಬ್ಬರು ಸಿಕ್ಕರು. ಕಿವುಡಿಯ ಮೇಲಿಂದ, ನಿದ್ದೆಯಲ್ಲಿದ್ದ ಗಂಡನ ಮೀಸೆ ಕತ್ತರಿಸಿದವಳ ಮೇಲಿಂದ, ಸುಳ್ಳು ಸಾಕ್ಷಿ ಹೇಳಿ ಸಿಕ್ಕಿಬಿದ್ದು ಸಾಕ್ಷಿಗೇ ಇನ್ನೊಂದು ಸುಳ್ಳು ಸಾಕ್ಷಿ ತಂದವನ ಮೇಲಿಂದ. "ಶೂ ಬಿಚ್ಚಬೇಕಾ?" ಎಂದು ಕೇಳಿದರು. "ಈಗ ಬಿಚ್ಚಿ ಏನು ಸ್ವಾಮಿ, ಎಲ್ಲಾರ್ನೂ ತುಳಿದಾಯ್ತು" ಎಂದಳು ಅತ್ತೆ. ಪರಂಪರೆಯ ಹೆಂಗಸು ಕ್ಯಾಮೆರಾ ಮರೆತು, ಚಪ್ಪಲಿ ಕೈಯಲ್ಲಿ ಹಿಡಿದು, ಪ್ರತಿಯೊಬ್ಬರ ತಪ್ಪನ್ನೂ ಎರಡೆರಡು ಸಲ ಕೇಳಿ ಫೋನಿನಲ್ಲಿ ದನಿ ಹಿಡಿದುಕೊಳ್ಳುತ್ತಿದ್ದಳು. ಜಗಳವನ್ನೂ ಬಿಡಲಿಲ್ಲ. ಕೊನೆಗೆ ಸಾಹೇಬರು ಕಲ್ಲಿನ ಪಟ್ಟಿಗೆ ಬಂದು ಸೇರಿ, ಯಾರೂ ಇಲ್ಲದ ಜಾಗದಲ್ಲಿ, ತಲೆಕೆಳಗಾದ ಮೈಲಿಗಲ್ಲಿನ ಮೇಲೆ ಕೂತರು. ಪ್ಯಾಂಟಿಗೆ ಸುಣ್ಣ ಹತ್ತಿತು.

"ಇಲ್ಲಿ ಯಾರೂ ಇಲ್ಲ ತಾನೆ?"

"ಇಲ್ಲ ಸ್ವಾಮಿ. ಆರಾಮಾಗಿ ಕೂತ್ಕೊಳ್ಳಿ."

"ಹಾಗಾದ್ರೆ ಲಾರಿ ಇಲ್ಲಿ ನಿಲ್ಲಲಿ. ಉದ್ದಕ್ಕೆ ಸಾಲಾಗಿ ನಿಂತ್ರೆ ಆಯ್ತು." ಅವರು ಪರಂಪರೆಯ ಹೆಂಗಸಿನ ಕಡೆ ನೋಡಿದರು. ಅವಳು ಜೋರಾಗಿ ತಲೆಯಾಡಿಸಿ, ಕಲ್ಲಿನ ವಿಷಯ ತಾನು ಬರೆದದ್ದನ್ನು ಹೊಡೆದುಹಾಕುತ್ತೇನೆ, ಹುಲ್ಲಿನ ವಿಷಯ ಬರೆಯುತ್ತೇನೆ ಎಂದಳು. ಸಾಹೇಬರು ಪ್ಯಾಂಟು ಕೊಡವಿಕೊಳ್ಳುತ್ತಾ ಎದ್ದರು. ಜೀಪಿನ ಕಡೆ ಹೋಗುತ್ತಾ, ತಿರುಗಿ ನೋಡದೆ ಅವನಿಗೆ, "ಗೆರೆ ಹಾಕು. ಬೇಗ ಮುಗ್ಸು" ಅಂದರು.

ಇಷ್ಟು ವರ್ಷ ಬಹುವಚನವಿತ್ತು. ಬೆಳಿಗ್ಗೆ ಜೀಪಿನಲ್ಲಿದ್ದಾಗಲೂ ಇತ್ತು, ಗೂಟ ಹೊಡೆಯಲು ಹೇಳುವಾಗಲೂ ಇತ್ತು. ಅವನು ಅದು ಉದುರಿಬಿದ್ದದ್ದನ್ನು ಕೇಳಿಸಿಕೊಂಡ. ಸಾಹೇಬರಿಗೆ ಅದು ಗೊತ್ತೇ ಆಗಿರಲಿಕ್ಕಿಲ್ಲ, ಬೆರಳು ಉಜ್ಜಿಕೊಳ್ಳುವ ಹಾಗೆ ತಾನಾಗಿ ಆಗಿಹೋಯಿತು. ನಾಳೆ ಗುಮಾಸ್ತೆಯೂ ಹಾಗೇ ಅನ್ನುತ್ತಾನೆ, ಕಚೇರಿಯ ನೀರಿನ ಜಗ್ಗಿನ ಹತ್ತಿರ ಅವನ ಲೋಟ ಬೇರೆ ಆಗಲೂಬಹುದು. ನೋವಾಯಿತು, ಅವನು ಎಣಿಸಿದ್ದಕ್ಕಿಂತ ಹೆಚ್ಚೇ ಆಯಿತು. ಸುಣ್ಣದ ಚೀಲ ಎತ್ತಿಕೊಂಡು ಹುಲ್ಲಿನ ಅಂಚಿಗೆ ಬಂದ. ಜೀವಮಾನವೆಲ್ಲ ನೇರ ಗೆರೆ ಎಳೆದವನು. ಇಡೀ ಕಚೇರಿಯಲ್ಲಿ ಅವನ ಗೆರೆಯಷ್ಟು ನೇರ ಗೆರೆ ಯಾರದೂ ಇರಲಿಲ್ಲ. ಮುಷ್ಟಿಯಿಂದ ಪುಡಿ ಸುರಿಯುತ್ತಾ, ಬರಿಗಾಲಲ್ಲಿ ಹಿಂದೆ ಹಿಂದೆ ನಡೆಯುತ್ತಾ ಬಂದ, ಕಲ್ಲುಗಳನ್ನು ಹೊರಗೆ ಬಿಟ್ಟು, ಜನರನ್ನು ಒಳಗೆ ಹಾಕಿಕೊಂಡು. ಅಮ್ಮನ ಹತ್ತಿರ ಬಂದಾಗ, ಹೆಂಡತಿ ಕೇಳಿದಳು ಅಂತ ಹೇಳಬೇಕಾಗಿತ್ತಲ್ಲ ಎಂದು ನೆನಪಾಗಿ, ಮೆಲ್ಲಗೆ ಹೇಳಿದ. ಚಾಕು ಮೊಂಡಾಗಿದೆ ಎಂಬುದನ್ನೂ ಸೇರಿಸಿದ. ಆಮೇಲೆ ಒಮ್ಮೆ ಜೀಪಿನ ಕಡೆ ನೋಡಿದ. ಸಾಹೇಬರು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದರು. ಅವನ ಕೈ ನೇರ ಬರುವುದನ್ನು ಬಿಟ್ಟು ಲಾರಿಗಳ ಜಾಗದ ಕಡೆಗೆ ತಿರುಗಿತು, ಅಲ್ಲೊಂದು ಸುತ್ತು ಹಾಕಿತು, ಮತ್ತೆ ಅಂಚಿಗೆ ಬಂದು ಸೇರಿಕೊಂಡು ಸಂಭಾವಿತನ ಹಾಗೆ ನೇರ ಹೊರಟಿತು.

ಕತ್ತರಿಯತ್ತೆ ಕೋಲು ಊರಿಕೊಂಡು ಬಂದು ಅಲ್ಲೇ ನಿಂತಳು.

"ಗೆರೆಗೆ ಯಾಕೆ ಇಲ್ಲಿ ಹೊಟ್ಟೆ ಬಂದಿದೆ?"

"ಕಲ್ಲು ಅಡ್ಡ ಬಂತು ಅತ್ತೆ."

"ಕಲ್ಲು ಅಲ್ಲಿದೆ."

ಅವನು ಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅತ್ತೆ ಆ ಹೊಟ್ಟೆಯೊಳಗೆ ತನ್ನ ಕೋಲನ್ನು ಉದ್ದಕ್ಕೆ ಮಲಗಿಸಿ ನೋಡಿದಳು, ಅವನ ಎತ್ತರ ನೋಡಿದಳು, ಮತ್ತೆ ಕೋಲು ನೋಡಿದಳು.

"ಸಾಕಾಗತ್ತಾ? ನೀನು ನಿಮ್ಮಪ್ಪನ ಥರ ಉದ್ದ."

"ಕಾಲು ಮಡಚ್ಕೋತೀನಿ."

ಅತ್ತೆ ಅವನ ಕೆನ್ನೆ ಹಿಂಡಿದಳು, ಅವಳ ಕೈ ಸಾಣೆಕಲ್ಲಿನಷ್ಟೇ ಒರಟಾಗಿತ್ತು. "ನಿನಗೆ ಏನು ಹೇಳೋದು ಅಂತ ನನಗೆ ದೊಡ್ಡ ಯೋಚನೆ ಆಗಿತ್ತು ಕಣೋ. ಒಂದು ತಪ್ಪೂ ಮಾಡದೆ ಎಲ್ಲಿ ಕಳೆದುಹೋಗ್ತೀಯೋ ಅಂತ." ಕೋಲು ಎತ್ತಿಕೊಂಡು, ರಸ್ತೆಯ ಕಡೆಗೆ ತಿರುಗಿ, ಗಂಟಲು ಸರಿಮಾಡಿಕೊಂಡಳು.

"ಮೆಲ್ಲಗೆ ಅತ್ತೆ, ಸಾಹೇಬ್ರಿಗೆ ಕೇಳಿಸತ್ತೆ."

"ಇಲ್ಲಿ ಲಾರಿಯೋರ ಜಾಗ ಕದ್ದೋನು" ಎಂದು ಅತ್ತೆ ಅವತ್ತಿನಷ್ಟೇ ಜೋರಾಗಿ ಕೂಗಿದಳು. ಸಾಣೆಯವರೆಲ್ಲ ನಕ್ಕರು. ಅವನೂ ನಕ್ಕ, ನಗುತ್ತಾ ಪಕ್ಕದಲ್ಲಿದ್ದ ಚಿಕ್ಕಜ್ಜನ ಬೆನ್ನಿಗೆ ಒಂದು ಗುದ್ದಿದ.